ಶ್ರಮದಾನ: ಗುದ್ದಲಿ ಕಿರಿಯರದು, ಗುರುತು ಹಿರಿಯರದು

ಕೆರೆಯ ಹೂಳೆತ್ತುವುದು, ಕಾಲುವೆ ಸರಿಪಡಿಸುವುದು ಹಿಂದೆ ಊರೊಟ್ಟಿನ ಕೆಲಸವಾಗಿದ್ದಿತು. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸಲು ನೀರಗಂಟಿ ಇರುತ್ತಿದ್ದನು. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆಯುವ ರೂಢಿಯೂ ಹಲವು ಊರುಗಳಲ್ಲಿತ್ತು. ಕೊಳವೆ ಬಾವಿಗಳು ಹೆಚ್ಚಿದಂತೆ ಈ ರೂಢಿ ತಪ್ಪಿತು. ಕೆಲಸದೊಡನೆ ಅದರ ತಿಳಿವಳಿಕೆಯೂ ಮರೆಯಾಗುತ್ತಿದೆ.

ಶ್ರಮದಾನಕ್ಕೆ ಇಂದು ಯುವಕರ ಕೊರತೆಯೇನೂ ಇಲ್ಲ. ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಇದರ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು; 7 ದಿನಗಳ ವಿಶೇಷ ಶಿಬಿರವೂ ಉಂಟು. ಆದರೆ ಅನೇಕ ಶಿಬಿರಗಳಲ್ಲಿ ಊರಿನ ಹಿರಿಯರು ಕಾಣಿಸಿಕೊಳ್ಳುವುದು ಸಮಾರೋಪದ ದಿನ, ಹಾರ ಹಾಕಿಸಿಕೊಳ್ಳಲು ಮಾತ್ರ. ಇದು ಸಾಲದು. ಕೆಲಸದ ಗುರುತು ಹಾಕುವವರು ಹಿರಿಯರೇ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸರಳ. ಮಳೆಯ ನೀರು ಯಾವ ಹಳ್ಳ, ಯಾವ ಕಾಲುವೆ ಹಿಡಿದು ಕೆರೆಗೆ ಬರುತ್ತಿತ್ತು, ಕೋಡಿ ಬಿದ್ದ ವರ್ಷ ಏರಿ ಎಲ್ಲಿ ಜಿನುಗಿತು ಎಂಬುದನ್ನು ಕಣ್ಣಾರೆ ಕಂಡವರು ಅವರೇ. ಈ ಮಾತು ಕೇಳದೆ ಉತ್ಸಾಹಕ್ಕೆ ಗುದ್ದಲಿ ಹಿಡಿದರೆ ಹಾನಿಯೇ ಹೆಚ್ಚು. ಏರಿಯ ಬುಡಕ್ಕೆ ಹತ್ತಿರವಾಗಿ ಹೂಳು ಅಗೆದರೆ ಏರಿ ಸಡಿಲಗೊಳ್ಳುತ್ತದೆ. ಏರಿಯ ಮೇಲೆ ದೊಡ್ಡ ಮರದ ಸಸಿ ನೆಟ್ಟರೆ, ಮುಂದೆ ಬೇರು ಕೊಳೆತ ಜಾಗದಲ್ಲಿ ನೀರು ಸೋರುತ್ತದೆ. ಕಾಲುವೆ ಮುಚ್ಚಿಹೋಗಿದ್ದರೆ ಹೂಳೆತ್ತಿದ ಕೆರೆಯೂ ತುಂಬಲಾರದು.

ಹಿರಿಯರು ಹೇಳಿದ್ದೆಲ್ಲವೂ ಸರಿಯೆಂದು ಇದರ ಅರ್ಥವಲ್ಲ. ಹೂಳು ಎಲ್ಲ ಹೊಲಕ್ಕೂ ಒಳ್ಳೆಯದೆಂಬ ನಂಬಿಕೆ ಇದೆ. ಜಿಗುಟಾದ ಹೂಳು ಮರಳು ಮಿಶ್ರಿತ ಕೆಂಪು ಭೂಮಿಯಲ್ಲಿ ತೇವ ಹಿಡಿದಿಡಲು ನೆರವಾಗುತ್ತದೆ. ಜಿಗುಟು ಕಪ್ಪು ಭೂಮಿಗೆ ಅದರಿಂದ ಅಷ್ಟು ಪ್ರಯೋಜನವಿಲ್ಲ. ಹೂಳಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಬೆಳೆಗೆ ಕೆಡಕು. ಆದುದರಿಂದ ಕೆರೆಯ ಹಲವು ಕಡೆಗಳಿಂದ ಹೂಳು ತೆಗೆದು, ಬೆರೆಸಿ, ಅರ್ಧ ಕಿಲೋಗ್ರಾಂ ಮಾದರಿಯನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸುವ ಹೊಣೆ ಕಿರಿಯರದಾಗಲಿ. ಹೀಗೆ ಕಲಿಕೆ ಎರಡೂ ಕಡೆ ಹರಿಯುತ್ತದೆ.

ಶಿಬಿರದ ಮೊದಲನೆಯ ದಿನ ಯಾರೂ ಗುದ್ದಲಿ ಮುಟ್ಟುವುದು ಬೇಡ. ಇಬ್ಬರು ಮೂವರು ಹಿರಿಯರೊಡನೆ, ಬಿಸಿಲೇರುವ ಮೊದಲು, ಕೆರೆ ಮತ್ತು ಕಾಲುವೆಗಳನ್ನು ಸುತ್ತಿ ನಕ್ಷೆ ಬರೆಯಿರಿ. ನಡೆಯಲಾರದವರ ಮನೆ ಜಗಲಿಗೇ ಹೋಗಿ ಕೇಳಿರಿ. ಕೊನೆಯ ದಿನ ಆ ನಕ್ಷೆಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ಶಾಲೆಗೂ ಒಪ್ಪಿಸಿರಿ.

ರೈತ ಬಾಂಧವರು ಶಿಬಿರ ಬರಲೆಂದು ಕಾಯಬೇಕಾಗಿಲ್ಲ. ಮುಂಗಾರಿಗೆ ಮುನ್ನ ಒಂದು ಭಾನುವಾರ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೆರೆಯ ಏರಿಗೆ ಕರೆದೊಯ್ಯಬಹುದು. ಹೂಳನ್ನು ಮುಂದಿನ ವರ್ಷವೂ ತೆಗೆಯಬಹುದು. ಕಾಲುವೆಯ ದಾರಿ ಬಲ್ಲ ಹಿರಿಯರು ಮುಂದಿನ ವರ್ಷ ಇರುವರೆಂಬ ಭರವಸೆಯಿಲ್ಲ.