ಐದರಲ್ಲಿ ನಪಾಸು, ಎಂಟರಲ್ಲಿ ನಪಾಸು: ಕೇಂದ್ರದ ನಿಯಮ ರೈತರ ಮಕ್ಕಳಿಗೆ ಏನು ಮಾಡೀತು?



ಈ ವಾರ ಬೀಜ, ಗೊಬ್ಬರ, ಕೀಟಗಳ ಮಾತನ್ನು ತುಸು ಬದಿಗಿಟ್ಟು ನಿಮ್ಮ ಮಕ್ಕಳ ಶಾಲೆಯ ಮಾತನ್ನು ಎತ್ತಿಕೊಂಡಿದ್ದೇನೆ. ಕೃಷಿ ಪುಟದಲ್ಲಿ ಇದೇಕೆ ಎಂದು ಯಾರಾದರೂ ಕೇಳಬಹುದು. ಹಳ್ಳಿಗೆ ಹೋದಾಗ ಬೆಳೆಯ ವಿಚಾರ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕೇಳುವುದೇ ಇದನ್ನು: "ಸಾಹೇಬರೇ, ಇನ್ನು ಐದನೇ ಇಯತ್ತೆಯಲ್ಲೇ ಫೇಲ್ ಮಾಡುತ್ತಾರಂತೆ, ಖರೆ ಏನು?" ಕೇಳುವವರ ದನಿಯಲ್ಲಿ ಅಂಜಿಕೆಗಿಂತ ಸಮಾಧಾನವೇ ಹೆಚ್ಚು. "ಮಾಡಲಿ ಬಿಡಿ, ಹಂಗಾದರೂ ಪುಸ್ತಕ ಹಿಡಿದಾವು" ಎನ್ನುವವರೇ ಬಹಳ. ಆದ್ದರಿಂದ ಕೇಂದ್ರ ಸರಕಾರ ನಿಜವಾಗಿ ಏನು ಮಾಡಿದೆ, ಅದು ನಮ್ಮ ಊರಿನ ಶಾಲೆಗೆ ತಗಲುತ್ತದೆಯೇ, ತಗಲಿದರೆ ಒಕ್ಕಲುತನದ ಮನೆಯ ಮಗುವಿಗೆ ಏನಾಗುತ್ತದೆ ಎಂಬುದನ್ನು ವಿಚಾರ ಮಾಡೋಣ.

ಮೊದಲಿಗೆ ಹಿಂದಿನ ಸಂಗತಿ. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂಬ ಕಾಯಿದೆಯನ್ನು ಸಂಸತ್ತು 2009ರಲ್ಲಿ ಮಾಡಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ, ಶಾಲೆಯಿಂದ ಹೊರಗೆ ಹಾಕುವಂತೆಯೂ ಇರಲಿಲ್ಲ. ಪರೀಕ್ಷೆಯೇ ಬೇಡವೆಂದು ಕಾಯಿದೆ ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ವರ್ಷವಿಡೀ ಮಗುವಿನ ಕಲಿಕೆಯನ್ನು ನೋಡುತ್ತಿರಬೇಕು, ಹಿಂದೆ ಬಿದ್ದಲ್ಲಿ ಅಲ್ಲಲ್ಲೇ ಹೆಚ್ಚಿನ ಪಾಠ ಕೊಡಬೇಕು ಎಂಬುದು ಅದರ ಉದ್ದೇಶವಾಗಿತ್ತು. ಈ ವರ್ಷವಿಡೀ ನೋಡುವ ಕೆಲಸ ಬಹಳ ಕಡೆ ಶಿಕ್ಷಕರು ಕಾಗದ ತುಂಬುವ ಕೆಲಸವಾಗಿ ಉಳಿಯಿತು. ಪಾಸು ಮಾಡುವುದು ಮಾತ್ರ ತಪ್ಪದೆ ನಡೆಯಿತು.

2019ರಲ್ಲಿ ಸಂಸತ್ತು ಈ ಕಲಮನ್ನು ತಿದ್ದಿತು. ಐದನೇ ಮತ್ತು ಎಂಟನೇ ತರಗತಿಯ ಕೊನೆಗೆ ಪರೀಕ್ಷೆ ನಡೆಸಬೇಕು. ನಪಾಸಾದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶ ಕೊಡಬೇಕು. ಅದರಲ್ಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಆಯಾ ಸರಕಾರ ತೀರ್ಮಾನಿಸಬಹುದು. ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಎಂಬ ಮಾತು ಹಾಗೆಯೇ ಉಳಿಯಿತು. ಈ ತಿದ್ದುಪಡಿಗೆ ಬೇಕಾದ ನಿಯಮಗಳನ್ನು ಕೇಂದ್ರ ಸರಕಾರ 2024ರ ಡಿಸೆಂಬರ್ 16ರಂದು ಪ್ರಕಟಿಸಿತು. ನೀವು ಕೇಳುತ್ತಿರುವ 'ಹೊಸ ಕಾನೂನು' ಇದೇ. ನಪಾಸಾದ ಮಗುವಿನ ಕೊರತೆ ಎಲ್ಲಿದೆ ಎಂದು ತರಗತಿಯ ಶಿಕ್ಷಕರು ಗುರುತಿಸಿ, ಮಗುವಿಗೂ ಬೇಕಾದಲ್ಲಿ ತಂದೆ ತಾಯಿಗೂ ಮಾರ್ಗದರ್ಶನ ಮಾಡಬೇಕು, ಮುಖ್ಯೋಪಾಧ್ಯಾಯರು ಅಂಥ ಮಕ್ಕಳ ಪಟ್ಟಿ ಇಟ್ಟು ಸ್ವತಃ ಮೇಲ್ವಿಚಾರಣೆ ಮಾಡಬೇಕು ಎಂದು ಅದರಲ್ಲಿದೆ.

ಪರೀಕ್ಷೆಯು ಬಾಯಿಪಾಠವನ್ನು ಅಳೆಯಬಾರದು, ಸಾಮರ್ಥ್ಯವನ್ನು ಅಳೆಯಬೇಕು ಎಂತಲೂ ಇದೆ. ಹಾಗೆಂದರೇನು? ಒಂದು ಎಕರೆಗೆ ಎಷ್ಟು ಗುಂಟೆ ಎಂದು ಕೇಳಿ 40 ಎಂಬ ಉತ್ತರ ಪಡೆದರೆ ಅದು ಬಾಯಿಪಾಠ. ಎಕರೆಗೆ 30 ಕಿಲೋ ಸೋಯಾ ಬೀಜ ಬೇಕಾದರೆ ಒಂದು ಎಕರೆ 20 ಗುಂಟೆಗೆ ಎಷ್ಟು ಬೇಕು ಎಂದು ಕೇಳಿದಾಗ 45 ಕಿಲೋ ಎಂದು ಹೇಳಿದರೆ ಅದು ಸಾಮರ್ಥ್ಯ. ಈ ಅಂಶ ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಈಗ, ಇದು ನಮ್ಮ ಊರ ಶಾಲೆಗೆ ತಗಲುತ್ತದೆಯೇ? ತಾನಾಗಿಯೇ ತಗಲುವುದಿಲ್ಲ. ಶಿಕ್ಷಣವು 1976ರ 42ನೇ ತಿದ್ದುಪಡಿಯವರೆಗೆ ರಾಜ್ಯಗಳ ಪಟ್ಟಿಯಲ್ಲಿತ್ತು, ಆಮೇಲೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ಪಟ್ಟಿಗೆ ಹೋಯಿತು. ಅದಕ್ಕೇ ಈ ವಿಷಯದಲ್ಲಿ ಎರಡೂ ಕಡೆಯವರ ಕೈ ಇರುತ್ತದೆ. ಕೇಂದ್ರದ ಈ ನಿಯಮ ಕೇಂದ್ರ ಸರಕಾರದ ಶಾಲೆಗಳಲ್ಲಿ, ಅಂದರೆ ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳಲ್ಲಿ ನಡೆಯುತ್ತದೆ. ನಿಮ್ಮ ಮಗನೋ ಮಗಳೋ ನವೋದಯದಲ್ಲಿ ಓದುತ್ತಿದ್ದರೆ ಎಂಟನೇ ತರಗತಿಯ ಪರೀಕ್ಷೆಯನ್ನು ಹಗುರವಾಗಿ ಎಣಿಸಬೇಡಿ. ಉಳಿದ ಶಾಲೆಗಳ ವಿಷಯ ರಾಜ್ಯಕ್ಕೆ ಬಿಟ್ಟದ್ದು. ಈ ನಿಯಮ ಪ್ರಕಟವಾದಾಗ 16 ರಾಜ್ಯಗಳು ನಪಾಸು ಮಾಡುವ ಪದ್ಧತಿಗೆ ಆಗಲೇ ಮರಳಿದ್ದವು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ.

ನಮ್ಮ ರಾಜ್ಯದ ಕಥೆಯೇ ಬೇರೆ. 2023ರಲ್ಲಿ ಐದು ಮತ್ತು ಎಂಟನೇ ತರಗತಿಗೆ ಮೌಲ್ಯಾಂಕನ ಪರೀಕ್ಷೆ ನಡೆಯಿತು. ಯಾರನ್ನೂ ನಪಾಸು ಮಾಡುವುದಿಲ್ಲವೆಂದು ಸರಕಾರ ಹೇಳಿತ್ತು. 2024ರ ಮಾರ್ಚಿನಲ್ಲಿ ಮತ್ತೆ ಬೋರ್ಡ್ ಪರೀಕ್ಷೆಗೆ ಹೊರಟಾಗ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ನಡೆಸಲು ಬಿಟ್ಟಿತು. ಪರೀಕ್ಷೆ ಅರ್ಧ ನಡೆದಿರುವಾಗ ಸುಪ್ರೀಂ ಕೋರ್ಟ್ ತಡೆಯಿತು. ಹೈಕೋರ್ಟ್ ಪುನಃ ಒಪ್ಪಿ ಉಳಿದ ಪತ್ರಿಕೆ ಮುಗಿಸಿದ ಮೇಲೆ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಹತ್ತು ಹನ್ನೊಂದು ವರ್ಷದ ಮಕ್ಕಳು ಇಂದು ಪರೀಕ್ಷೆ ಇದೆ ಎಂದು ಹೋಗಿ ನಾಳೆ ಇಲ್ಲವೆಂದು ತಿಳಿದು ಮನೆಗೆ ಬಂದದ್ದನ್ನು ನೀವೇ ನೋಡಿದ್ದೀರಿ. ಇದರಲ್ಲಿ ಯಾರ ಪಕ್ಷ ಸರಿ ಎಂಬುದಕ್ಕೆ ನಾನು ಹೋಗುವುದಿಲ್ಲ. ಆದರೆ ಮುಂದೊಂದು ದಿನ ಈ ಪ್ರಶ್ನೆ ನಮ್ಮ ಊರಿನ ಬಾಗಿಲಿಗೆ ಬರುವುದು ಖಂಡಿತ ಎಂದು ತಿಳಿದಿರಬೇಕು.

ನಪಾಸು ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 2024ರ 'ಅಸರ್' ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ಸರಕಾರಿ ಶಾಲೆಯ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇಕಡ 44.8 ಮಾತ್ರ. 2022ರಲ್ಲಿ ಇದು ಶೇಕಡ 38.5 ಇತ್ತು, ಅಂದರೆ ಸುಧಾರಿಸಿದೆ. ಆದರೂ ಅರ್ಧಕ್ಕಿಂತ ಕಡಿಮೆ. ಎಂಟರ ತನಕ ದಾಟಿಸಿಬಿಟ್ಟ ಮಗು ಹತ್ತನೇ ತರಗತಿಯಲ್ಲಿ ಮುಗ್ಗರಿಸುತ್ತದೆ. ನಮ್ಮ ರಾಜ್ಯದಲ್ಲಿ 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಪಾಸಾದವರು ಶೇಕಡ 62.34. ನೂರಕ್ಕೆ ಮೂವತ್ತೇಳು ಮಕ್ಕಳಿಗೆ ಸಮಸ್ಯೆ ಇದೆಯೆಂದು ಮೊದಲ ಸಲ ಗಟ್ಟಿಯಾಗಿ ಹೇಳಿದ್ದು ಹತ್ತು ವರ್ಷ ಶಾಲೆಗೆ ಕಳಿಸಿದ ಮೇಲೆ!

ಆದರೆ ನಪಾಸು ಮಾಡಿದರೆ ಮಗು ಕಲಿಯುತ್ತದೆಯೇ? ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು. ನಾವು ಓದುವಾಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬ ಗಣಿತದಲ್ಲಿ ಹೋದ. ಕನ್ನಡ ನನಗಿಂತ ಚೆನ್ನಾಗಿ ಓದುತ್ತಿದ್ದ. ಫಲಿತಾಂಶ ಬಂದ ವಾರದಲ್ಲೇ ಅವನ ಅಪ್ಪ ಕೈಗೆ ಬಾರುಕೋಲು ಕೊಟ್ಟ. ಎರಡನೆಯ ಸಲ ಪರೀಕ್ಷೆಗೆ ಕೂರಿಸಬೇಕೆಂದು ಯಾವ ಗುರುಗಳೂ ಅವರ ಮನೆಗೆ ಬರಲಿಲ್ಲ, ಅಪ್ಪನೂ ಕೇಳಲಿಲ್ಲ. ಈಗ ಅವನು ನಾಲ್ಕು ಎಕರೆ ಮಾಡುತ್ತಾನೆ, ಒಳ್ಳೆಯ ಒಕ್ಕಲಿಗ. ಆದರೆ ಲೀಟರಿಗೆ 2 ಮಿಲಿಲೀಟರ್ ಔಷಧಿ ಎಂದರೆ 16 ಲೀಟರಿನ ಪಂಪಿಗೆ ಎಷ್ಟು ಹಾಕಬೇಕೆಂದು ಇಂದಿಗೂ ನನಗೆ ಫೋನು ಮಾಡುತ್ತಾನೆ. ನಾನು ಸಿಗದಿದ್ದರೆ ಮುಚ್ಚಳದ ಅಳತೆಯಲ್ಲಿ ಅಂದಾಜಿಗೆ ಸುರಿಯುತ್ತಾನೆ.

ತಮಾಷೆಯೆಂದರೆ ನಪಾಸು ಮರಳಿ ಬರಬೇಕೆಂದು ಜೋರಾಗಿ ವಾದಿಸುವವನೂ ಅವನೇ. ಅವನ ಕಿರಿಯ ಮಗನಿಗೆ ಐದನೇ ತರಗತಿಯಲ್ಲಿ ಕಟ್ಟಿನ ಕಳೆಯುವ ಲೆಕ್ಕ ಬರುವುದಿಲ್ಲ. "ಹೆದರಿಕೆ ಇಲ್ಲ ನೋಡು, ಅದಕ್ಕ" ಎನ್ನುತ್ತಾನೆ. "ನಿನಗೆ ಹೆದರಿಕೆ ಇತ್ತಲ್ಲ, ಏನಾಯಿತು?" ಎಂದು ಕೇಳಿದೆ. ನಕ್ಕು ಸುಮ್ಮನಾದ.

ಬಿತ್ತುವ ಮೊದಲು ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ನೋಡಿ ಎಂದು ನಾವು ಪ್ರತಿ ವರ್ಷ ಹೇಳುತ್ತೇವೆ. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಬೀಜ ಬದಲಿಸಬಹುದು, ಇಲ್ಲವೇ ಬಿತ್ತನೆಯ ಪ್ರಮಾಣ ಹೆಚ್ಚಿಸಬಹುದು. ಅದೇ ಪರೀಕ್ಷೆಯನ್ನು ರಾಶಿಯ ದಿನ ಮಾಡಿದರೆ ಯಾರಿಗೆ ಪ್ರಯೋಜನ? ಮಗು ಅಕ್ಷರ ಕೂಡಿಸಿ ಓದಲು ಕಲಿಯಬೇಕಾದದ್ದು ಎರಡು, ಮೂರನೇ ತರಗತಿಯಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರು, ಐದು ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆ ಬೇಕೆನ್ನುತ್ತದೆ. ನಪಾಸಿನ ಗದ್ದಲದಲ್ಲಿ ಆ ಮೂರನೇ ತರಗತಿಯ ಮಾತನ್ನು ಯಾರೂ ಎತ್ತುತ್ತಿಲ್ಲ.

ಇನ್ನು ಎರಡು ತಿಂಗಳ ಮರುಪರೀಕ್ಷೆಯ ಲೆಕ್ಕ. ದಿಲ್ಲಿಯಲ್ಲಿ ನಿಯಮ ಬರೆದವರು ಒಕ್ಕಲುತನದ ಪಂಚಾಂಗ ನೋಡಿ ಬರೆದಿಲ್ಲ. ನಮ್ಮಲ್ಲಿ ವರ್ಷದ ಪರೀಕ್ಷೆ ಮಾರ್ಚಿನಲ್ಲಿ, ಫಲಿತಾಂಶ ಏಪ್ರಿಲಿನಲ್ಲಿ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಹೆಚ್ಚುವರಿ ಪಾಠ ಹೇಳಬೇಕಾದ ಎರಡು ತಿಂಗಳು ಎಂದರೆ ಇವೇ. ಶಾಲೆಗೆ ಬೀಗ, ಮಕ್ಕಳು ಅಜ್ಜಿಯ ಊರಿನಲ್ಲಿ. ರಜೆ ಮುಗಿಯುವ ಹೊತ್ತಿಗೆ ಮುಂಗಾರು ಬಿತ್ತನೆ. ಆಗ ಹಿರಿಯ ಮಗಳು ಮನೆಯಲ್ಲಿ ಕೂಸು ನೋಡಬೇಕು, ಹುಡುಗ ಎತ್ತು ಹಿಡಿಯಬೇಕು.

ಅದಕ್ಕೂ ಹಿಂದಿನ ಮಾತೊಂದಿದೆ. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಬಿಳಿಜೋಳದ ಸುಗ್ಗಿ, ಇವೆಲ್ಲ ಬರುವುದು ದೀಪಾವಳಿಯಿಂದ ಯುಗಾದಿಯೊಳಗೆ. ಶಾಲೆಯಲ್ಲಿ ಪಾಠ ಭರದಿಂದ ನಡೆಯುವುದೂ ಆಗಲೇ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಸಂಸಾರ ಸಮೇತ ಬೆಂಗಳೂರು, ಗೋವಾ, ಪುಣೆಗೆ ದುಡಿಯಲು ಹೋಗುವವರು, ಕಬ್ಬು ಕಡಿಯಲು ಹೋಗುವವರು ಇದೇ ತಿಂಗಳುಗಳಲ್ಲಿ ಊರು ಬಿಡುತ್ತಾರೆ. ಅವರ ಮಗು ಐದನೇ ತರಗತಿಯ ಪರೀಕ್ಷೆಯ ದಿನ ಯಾವ ಊರಿನ ಯಾವ ಶೆಡ್ಡಿನಲ್ಲಿರುತ್ತದೆ? ದಡ್ಡತನಕ್ಕಲ್ಲ, ಗೈರುಹಾಜರಿಗಾಗಿ ಆ ಮಗು ನಪಾಸಾಗುತ್ತದೆ. ಅದೂ ಹೆಣ್ಣುಮಗುವಾದರೆ ಒಂದು ವರ್ಷ ಹಿಂದೆ ಬಿದ್ದವಳನ್ನು ಮತ್ತೆ ಶಾಲೆಗೆ ಕಳಿಸುವವರು ಎಷ್ಟು ಮಂದಿ? ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. ಆಳಿನ ಕೂಲಿ ಎಷ್ಟಾಗಿದೆ ಎಂದು ನನಗೂ ಗೊತ್ತು.

ಹೆಚ್ಚುವರಿ ಪಾಠ ಹೇಳುವವರಾದರೂ ಯಾರು? 2009ರ ಕಾಯಿದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು. ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೆ ಹೋದರೆ ಒಬ್ಬರೇ. 2024ರ ನಿಯಮದಲ್ಲಿ ಶಿಕ್ಷಕರ ಹೊಣೆ ಹೆಚ್ಚಿದೆ, ಶಿಕ್ಷಕರ ಸಂಖ್ಯೆ ಹೆಚ್ಚಿಸುವ ಮಾತಿಲ್ಲ. ಆದ್ದರಿಂದ ನನ್ನ ಮತ ಹೀಗಿದೆ: ಪರೀಕ್ಷೆ ಇರಲಿ, ಐದಕ್ಕೇ ಕಾಯದೆ ಎರಡು ಮೂರರಲ್ಲೇ ಇರಲಿ, ಆದರೆ ಪಾಠ ಹೇಳುವ ಏರ್ಪಾಡು ಮೊದಲು ಆಗದೆ ನಪಾಸು ಮಾಡುವ ಅಧಿಕಾರವನ್ನು ಯಾವ ಸರಕಾರವೂ ಕೈಗೆತ್ತಿಕೊಳ್ಳಬಾರದು. ಇದನ್ನು ಒಪ್ಪದ ಶಿಕ್ಷಕ ಮಿತ್ರರು ನನಗಿದ್ದಾರೆ.

ಸರಕಾರಗಳು ತೀರ್ಮಾನಿಸುವ ತನಕ ನೀವು ಮಾಡಬಹುದಾದದ್ದು ಕೆಲವಿದೆ. ಇಂದು ರಾತ್ರಿ ಊಟವಾದ ಮೇಲೆ ಈ ಪುಟವನ್ನೇ ಮಗುವಿನ ಕೈಗೆ ಕೊಟ್ಟು ನಾಲ್ಕು ಸಾಲು ಓದಿಸಿ. 63ರಲ್ಲಿ 38 ಕಳೆಯಲು ಹೇಳಿ. ಮೂರನೇ ತರಗತಿ ದಾಟಿದ ಮಗುವಿಗೆ ಇದು ಬರದಿದ್ದರೆ ಬೈಯಬೇಡಿ, ನಾಳೆಯೇ ಶಾಲೆಗೆ ಹೋಗಿ. ಮಗುವಿನ ಕಲಿಕೆಯನ್ನು ಅಳೆದು ಬೇಕಾದ ಹೆಚ್ಚುವರಿ ಪಾಠ ಹೇಳುವುದು, ಪೋಷಕರೊಡನೆ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯವೆಂದು ಕಾಯಿದೆಯ 24ನೇ ಕಲಮೇ ಹೇಳುತ್ತದೆ. ಇದಕ್ಕೆ ನಪಾಸಾಗುವ ತನಕ ಕಾಯಬೇಕಿಲ್ಲ. ನಿಮ್ಮ ಶಾಲೆಯ ಎಸ್‌ಡಿಎಂಸಿ ಸುಣ್ಣ ಬಳಿಸುವುದಕ್ಕೆ, ಬಾವುಟ ಹಾರಿಸುವುದಕ್ಕೆ ಮಾತ್ರ ಇರುವುದಲ್ಲ. ಕಾಯಿದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ, ಅರ್ಧದಷ್ಟು ಮಹಿಳೆಯರಿರಬೇಕು. ಮುಂದಿನ ಸಭೆಯಲ್ಲಿ ಓದು ಬಾರದ ಮಕ್ಕಳು ಎಷ್ಟು, ಸುಗ್ಗಿಯಲ್ಲಿ ಗೈರಾಗುವವರು ಯಾರು, ಅವರಿಗೆ ಯಾವ ಹೊತ್ತಿನಲ್ಲಿ ಪಾಠ ಎಂದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ದುಡಿಯಲು ಊರು ಬಿಡುವವರಿಗೆ ಇನ್ನೊಂದು ಮಾತು. ವರ್ಗಾವಣೆ ಪತ್ರ ಕೇಳಿದ ಕೂಡಲೇ ಮುಖ್ಯೋಪಾಧ್ಯಾಯರು ಕೊಡಬೇಕು. ಅದು ಕೈಯಲ್ಲಿಲ್ಲವೆಂದು ಹೋದ ಊರಿನ ಸರಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ತಡಮಾಡುವಂತೆಯೂ ಇಲ್ಲ. ಇದು 5ನೇ ಕಲಮು. ಅಜ್ಜ ಅಜ್ಜಿ ಊರಿನಲ್ಲಿದ್ದು ಮಗುವನ್ನು ಇಲ್ಲೇ ಬಿಟ್ಟು ಹೋಗುವುದಾದರೆ, ಋತುಮಾನದ ವಸತಿ ಏರ್ಪಾಡಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ತಾಲೂಕಿನಲ್ಲಿ ಅದು ತೆರೆದಿದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ದಸರೆಗೆ ಮೊದಲೇ ವಿಚಾರಿಸಿ. ದೀಪಾವಳಿಯಾದ ಮೇಲೆ, ಗಾಡಿ ಹತ್ತುವ ದಿನ ಕೇಳಿದರೆ ಆಗುವ ಕೆಲಸವಲ್ಲ.