ಹಳೆಯದು ಬೇರೆ, ಕಳಪೆ ಬೇರೆ

ನಮ್ಮ ಕಾಲೇಜಿನಲ್ಲಿ ಈ ವರ್ಷ ಹೆಚ್ಚು ಓಡಾಡುತ್ತಿರುವ ಇಂಗ್ಲಿಷ್ ಪದಗಳಲ್ಲಿ ‘ಶಾಡಿ’ಯೂ ಒಂದು. ಗಮನಿಸಿ, ‘ಶಾದಿ’ ಅಲ್ಲ; ಬಿರಿಯಾನಿಯ ನಿರೀಕ್ಷೆ ಬೇಡ! ಪ್ರಾಕ್ಟಿಕಲ್ ರೆಕಾರ್ಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಶಾಡಿ ವರ್ಕ್’ ಎಂದು ಬರೆದಿರುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅಲ್ಲಿಂದ ಈ ಪದ ಕಾರಿಡಾರಿಗೆ ಇಳಿದಿದೆ. ಒಬ್ಬನ ಬ್ಯಾಗು ಶಾಡಿ, ಇನ್ನೊಬ್ಬಳ ಮೊಬೈಲು ಶಾಡಿ, ಅಣ್ಣ ಓದಿ ಕೊಟ್ಟ ಪಠ್ಯಪುಸ್ತಕ ಶಾಡಿ, ಬೆಳಗ್ಗಿನ ಬಸ್ಸಂತೂ ಮಹಾ ಶಾಡಿ. ಡಕೋಟಾ, ಡಬ್ಬಾ, ಗುಜರಿ ಎಂಬ ಪದಗಳು ನಮ್ಮಲ್ಲಿ ಮೊದಲೇ ಇದ್ದವು. ಈಗ ಅವುಗಳ ಸಾಲಿಗೆ ಇದೂ ಸೇರಿದೆ.

ಹೀಗೆ ಮಾತನಾಡುವಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಬಳಸಿ ಬಳಸಿ ಸವೆದದ್ದು ಒಂದು. ಮಾಡುವಾಗಲೇ ಅಸಡ್ಡೆಯಿಂದ ಮಾಡಿದ್ದು ಇನ್ನೊಂದು. ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಪದಗಳೇ ಇವೆ. ವರ್ಷಗಟ್ಟಲೆ ಉಟ್ಟು ಬಣ್ಣ ಹೋದ ಅಂಗಿ ‘ಶ್ಯಾಬಿ’. ಮೊದಲ ಒಗೆತಕ್ಕೇ ಹೊಲಿಗೆ ಬಿಡುವ ಹೊಸ ಅಂಗಿ ‘ಶಾಡಿ’. ಮೊದಲನೆಯದು ವಸ್ತುವಿನ ವಯಸ್ಸಿನ ಮಾತು, ಎರಡನೆಯದು ಮಾಡಿದವರ ಶ್ರದ್ಧೆಯ ಮಾತು. ಆದ್ದರಿಂದ ಹೊಚ್ಚ ಹೊಸದೂ ಶಾಡಿ ಆಗಿರಬಹುದು, ಇಪ್ಪತ್ತು ವರ್ಷ ಹಳೆಯದು ಶಾಡಿ ಅಲ್ಲದೆಯೂ ಇರಬಹುದು.

ಈ ಪದದ ಚರಿತ್ರೆ ಗೊತ್ತಾದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ‘ಶಾಡಿ’ ಮೊದಲು ಬೈಗುಳವಾಗಿರಲಿಲ್ಲ, ಒಂದು ಬಟ್ಟೆಯ ಹೆಸರಾಗಿತ್ತು. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಬ್ಯಾಟ್ಲಿ ಎಂಬ ಊರಿದೆ. 1813ರ ಸುಮಾರಿಗೆ ಅಲ್ಲಿನ ಬೆಂಜಮಿನ್ ಲಾ ಎಂಬಾತ ಹಳೆಯ ಉಣ್ಣೆಬಟ್ಟೆಯ ಚಿಂದಿಯನ್ನು ಎಳೆ ಎಳೆಯಾಗಿ ಬಿಡಿಸಿ, ಅದಕ್ಕೆ ಸ್ವಲ್ಪ ಹೊಸ ಉಣ್ಣೆ ಬೆರೆಸಿ, ಮತ್ತೆ ನೂಲು ಮಾಡುವ ವಿಧಾನವನ್ನು ಬಳಕೆಗೆ ತಂದನೆಂದು ಹೇಳುತ್ತಾರೆ. ಆ ಬಟ್ಟೆಯೇ ಶಾಡಿ. ಹೊಸ ಉಣ್ಣೆ ಕೊಳ್ಳಲಾಗದ ಬಡವರಿಗೆ ಅದರಿಂದ ಅಗ್ಗದ ಬೆಚ್ಚನೆಯ ಉಡುಪು ಸಿಕ್ಕಿತು. ನೂಲಲು ಬಾರದ ತ್ಯಾಜ್ಯವೂ ವ್ಯರ್ಥವಾಗಲಿಲ್ಲ. ಅದನ್ನು ರೈತರು ಹೊಲಕ್ಕೆ ಗೊಬ್ಬರವಾಗಿ ಹಾಕಿದರು.

ಹಾಗಾದರೆ ಹೆಸರು ಕೆಟ್ಟದ್ದು ಹೇಗೆ? 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಸೈನಿಕರಿಗೆ ತುರ್ತಾಗಿ ಸಮವಸ್ತ್ರ ಬೇಕಾಯಿತು. ಕೆಲವು ಗುತ್ತಿಗೆದಾರರು ಸರ್ಕಾರದಿಂದ ಒಳ್ಳೆಯ ದರ ಪಡೆದು ಕೆಟ್ಟ ಶಾಡಿ ಬಟ್ಟೆಯ ಸಮವಸ್ತ್ರ ಕೊಟ್ಟರು. ಮಳೆ, ನಡಿಗೆ ತಡೆಯದೆ ಅವು ಸೈನಿಕರ ಮೈಮೇಲೇ ಚಿಂದಿಯಾದವು. ಹೀಗೆ ದುಡ್ಡು ಮಾಡಿದವರನ್ನು ಅಂದಿನ ಜನ ‘ಶಾಡಿ ಶ್ರೀಮಂತರು’ ಎಂದು ಮೂದಲಿಸಿದರು. ಆಮೇಲೆ ಪದಕ್ಕೆ ಕೆಟ್ಟ ಅರ್ಥವೇ ಗಟ್ಟಿಯಾಯಿತು. ಮೋಸ ಮಾಡಿದವರು ಗುತ್ತಿಗೆದಾರರು, ಹೆಸರು ಕೆಟ್ಟದ್ದು ಬಟ್ಟೆಯದು!

ಆ ಬಟ್ಟೆ ಇಂದಿಗೂ ಇದೆ, ನಮ್ಮ ದೇಶದಲ್ಲೇ ಇದೆ. ಇತಿಹಾಸ ತರಗತಿಯಲ್ಲಿ 1526, 1556, 1761ರ ಯುದ್ಧಗಳಿಗಾಗಿ ನಾವು ಓದುವ ಪಾಣಿಪತ್ ಈಗ ಶಾಡಿ ನೂಲಿಗೆ ಹೆಸರಾದ ಪಟ್ಟಣ. ಶ್ರೀಮಂತ ದೇಶಗಳ ಜನ ಬಿಸಾಡಿದ ಸ್ವೆಟರು, ಕೋಟುಗಳು ಹಡಗಿನಲ್ಲಿ ಬಂದು ಅಲ್ಲಿಗೆ ತಲುಪುತ್ತವೆ. ಹೆಂಗಸರು ಕುಳಿತು ಗುಂಡಿ, ಜಿಪ್ಪು ಕತ್ತರಿಸಿ ತೆಗೆಯುತ್ತಾರೆ. ಬಟ್ಟೆಗಳನ್ನು ಬಣ್ಣಕ್ಕೆ ಬಣ್ಣ ಸೇರುವಂತೆ ರಾಶಿ ಹಾಕುತ್ತಾರೆ. ಕೆಂಪಿನಿಂದ ಕೆಂಪು ನೂಲೇ ಬರುವುದರಿಂದ ಮತ್ತೆ ಬಣ್ಣ ಹಾಕುವ ಖರ್ಚು, ನೀರು ಉಳಿಯುತ್ತದೆ. ಆ ನೂಲಿನ ಕಂಬಳಿಗಳನ್ನು ಭೂಕಂಪ, ಪ್ರವಾಹ ಆದ ಕಡೆ ಸಂತ್ರಸ್ತರಿಗೆ ಹಂಚುತ್ತಾರೆ. ಚಳಿಯಲ್ಲಿ ನಡುಗುವ ಮಗುವಿಗೆ ಹೊದಿಸುವ ಕಂಬಳಿ ಶಾಡಿಯದೇ. ಅಲ್ಲಿ ಯಾರೂ ಅದನ್ನು ಬೈಗುಳವಾಗಿ ಹೇಳುವುದಿಲ್ಲ, ಸರಕಿನ ಹೆಸರಾಗಿ ಹೇಳುತ್ತಾರೆ. ಆ ಕೆಲಸದಲ್ಲಿ ಧೂಳು ವಿಪರೀತ. ಮುಖಕ್ಕೆ ಒಂದು ಬಟ್ಟೆ ಸುತ್ತಿಕೊಂಡು ದುಡಿಯುವವರಿಗೆ ಸರಿಯಾದ ಮಾಸ್ಕ್ ಕೊಡದ ಮಾಲೀಕರಿದ್ದರೆ, ಇಂದಿನ ಅರ್ಥದಲ್ಲಿ ಶಾಡಿ ಎನ್ನಬೇಕಾದದ್ದು ಅವರ ನಡವಳಿಕೆಯನ್ನು.

ನಮ್ಮ ರಾಜ್ಯದಲ್ಲೂ ಹಳೆ ಬಟ್ಟೆಗೆ ಎರಡನೇ ಆಯುಷ್ಯ ಕೊಡುವ ಕೈಗಳಿವೆ. ಉತ್ತರ ಕರ್ನಾಟಕದ ಮನೆಗಳ ಕೌದಿ ನೆನಪಿಸಿಕೊಳ್ಳಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಹಳೆ ಸೀರೆ, ಅಂಗಿಗಳ ತುಂಡು ಜೋಡಿಸಿ ಹೊಲಿದ ಕೌದಿಗಳು ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ಬಟ್ಟೆ ಹಳೆಯದು, ಹೊಲಿಗೆ ಅಚ್ಚುಕಟ್ಟು. ಅದನ್ನು ಶಾಡಿ ಎನ್ನಲು ಯಾರಿಗೆ ಬಾಯಿ ಬಂದೀತು?

ಈ ವಿಷಯ ನನಗೆ ಪದಕೋಶದ ಚರ್ಚೆ ಮಾತ್ರವಲ್ಲ. ನನ್ನ ಅಬ್ಬ ಗುಜರಿ ವ್ಯಾಪಾರ ಮಾಡುತ್ತಾರೆ. ನೀವು ‘ಗುಜರಿ’ ಎಂದು ತಳ್ಳಿಹಾಕುವ ರಾಶಿಯಲ್ಲಿ ಅವರಿಗೆ ತಾಮ್ರ ಬೇರೆ, ಹಿತ್ತಾಳೆ ಬೇರೆ, ಅಲ್ಯೂಮಿನಿಯಂ ಬೇರೆ, ರಟ್ಟು ಬೇರೆ. ಒಂದೊಂದಕ್ಕೂ ಒಂದೊಂದು ದರ, ಒಂದೊಂದು ದಾರಿ. ನನ್ನ ಕಾಲೇಜು ಶುಲ್ಕ ಬಂದದ್ದು ಆ ತಕ್ಕಡಿಯಿಂದಲೇ. ಪ್ರವೇಶ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಗುಜರಿ ವ್ಯಾಪಾರ’ ಎಂದೇ ಬರೆದಿದ್ದೇನೆ. ಹಿಂಜರಿದು ‘ಬಿಸಿನೆಸ್’ ಎಂದಷ್ಟೇ ಬರೆದ ಗೆಳೆಯರೂ ನನಗೆ ಗೊತ್ತು. ಅವರು ಸುಳ್ಳು ಬರೆದಿಲ್ಲ. ಆದರೆ ಆ ಹಿಂಜರಿಕೆ ಎಲ್ಲಿಂದ ಬಂತು? ನಾವು ದಿನಕ್ಕೆ ಹತ್ತು ಸಲ ನಗುತ್ತಾ ಆಡುವ ಮಾತುಗಳಿಂದಲೂ ಬಂದಿರಬಹುದಲ್ಲವೇ?

“ಅಯ್ಯೋ, ತಮಾಷೆಗೆ ಹೇಳಿದ್ದು ಮಾರಾಯ” ಎನ್ನುವವರಿದ್ದಾರೆ. ತಮಾಷೆ ಇರಲಿ, ಕಾಲೇಜಿನಲ್ಲಿ ಅದಿಲ್ಲದಿದ್ದರೆ ಹೇಗೆ! ಆದರೆ ತಮಾಷೆ ಯಾರ ಕಡೆ ತಿರುಗಿದೆ ನೋಡಿ. ಹಳೆ ಬ್ಯಾಗು, ಒಡೆದ ಗ್ಲಾಸಿನ ಮೊಬೈಲು, ಅಣ್ಣನ ಅಳತೆಯ ಪ್ಯಾಂಟು — ಇವೆಲ್ಲ ಮನೆಯಲ್ಲಿ ದುಡ್ಡು ಕಡಿಮೆ ಇರುವವರ ಬಳಿಯೇ ಹೆಚ್ಚು. ಅವರು ಮಾಡಿದ ತಪ್ಪೇನೂ ಅಲ್ಲಿಲ್ಲ. ಇರುವುದನ್ನು ಜೋಪಾನವಾಗಿ ಬಳಸುತ್ತಿದ್ದಾರೆ, ಅಷ್ಟೇ.

ಹಾಗೆಂದು ‘ಶಾಡಿ’ ಪದವನ್ನೇ ಬಿಡಿ ಎನ್ನುತ್ತಿಲ್ಲ. ಒಳ್ಳೆಯ ಪದ, ಸರಿಯಾದ ಜಾಗಕ್ಕೆ ಬಳಸೋಣ. ಗೆಳೆಯನ ರೆಕಾರ್ಡನ್ನು ತಪ್ಪು ಸಮೇತ ನಕಲು ಮಾಡುವುದು ಶಾಡಿ. ಸೋರುವ ನಲ್ಲಿಗೆ ದಾರ ಕಟ್ಟಿ ‘ರಿಪೇರಿ ಆಯಿತು’ ಎನ್ನುವುದು ಶಾಡಿ. ಬಸ್ಸು ಹಳೆಯದಾಗಿರುವುದು ಶಾಡಿ ಅಲ್ಲ, ಬ್ರೇಕ್ ಪರೀಕ್ಷಿಸದೆ ಅದನ್ನು ರಸ್ತೆಗೆ ಇಳಿಸುವುದು ಶಾಡಿ. ಹೊಸದಾಗಿ ಹಾಕಿದ ರಸ್ತೆ ಒಂದೇ ಮಳೆಗೆ ಕಿತ್ತುಬಂದರೆ ಧಾರಾಳವಾಗಿ ಶಾಡಿ ಎನ್ನಿ, ನಾನೂ ನಿಮ್ಮ ಜೊತೆ ಸೇರುತ್ತೇನೆ.

ಉಪನ್ಯಾಸಕರಲ್ಲೂ ಒಂದು ವಿನಂತಿ. ರೆಕಾರ್ಡಿನ ಮೇಲೆ ‘ಶಾಡಿ ವರ್ಕ್’ ಎಂದು ಬರೆಯುವಾಗ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಚಿತ್ರಕ್ಕೆ ಹೆಸರು ಗುರುತಿಸಿಲ್ಲ, ರೀಡಿಂಗ್ ಕಾಲಂ ಖಾಲಿ, ಲೆಕ್ಕದಲ್ಲಿ ಯೂನಿಟ್ ಇಲ್ಲ ಎಂದು. ಆಗ ತಿದ್ದಬೇಕಾದದ್ದು ಕೆಲಸವನ್ನು ಎಂದು ನಮಗೆ ತಿಳಿಯುತ್ತದೆ. ಬರೀ ‘ಶಾಡಿ’ ಎಂದಿದ್ದರೆ, ಅಗ್ಗದ ನೋಟ್‌ಬುಕ್ ತಂದ ವಿದ್ಯಾರ್ಥಿ ತನ್ನ ನೋಟ್‌ಬುಕ್ಕಿಗೇ ಬೈದರು ಎಂದುಕೊಳ್ಳಬಹುದು.

ಮುಂದಿನ ಸಲ ಈ ಪದ ನಾಲಿಗೆಯ ತುದಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ಸವೆದದ್ದೋ, ಕೆಡಿಸಿದ್ದೋ? ಕೆಡಿಸಿದ್ದಾದರೆ ಹೇಳಿ, ಗಟ್ಟಿಯಾಗಿಯೇ ಹೇಳಿ. ಸವೆದದ್ದಾದರೆ ಸುಮ್ಮನಿರಿ, ಅದು ಯಾರಿಗೋ ಬಹಳ ದಿನ ಉಪಯೋಗಕ್ಕೆ ಬಂದಿದೆ.