ಎಳಿ ಹಿಡಿದು ನೋಡೋಣ

ಹೋದ ದೀಪಾವಳಿ ರಜೆಯಲ್ಲಿ ಇಳಕಲ್‌ನಲ್ಲಿರೋ ನಮ್ಮ ಮುತ್ಯಾಗೆ ಉಸಿರಾಟದ ತೊಂದರೆ ಆಯ್ತು. ಹುನಗುಂದದ ಮೇಲೆ ಬಾಗಲಕೋಟೆಗೆ ಕರೆತಂದು ಎಕೋ ಮಾಡಿಸಿದೆವು. ರಿಪೋರ್ಟ್‌ನಲ್ಲಿ ‘ಇಎಫ್ 35%’ ಅಂತ ಇತ್ತು. ಅಂದ್ರೆ ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಗೆ ಹೋಗೋದು 35% ಮಾತ್ರ. ಸಾಮಾನ್ಯವಾಗಿ ಅದು 55ರಿಂದ 70 ಇರಬೇಕು. ಯಾಕೆ ಕಡಿಮೆ ಆಯ್ತು ಅನ್ನೋದು ಆ ನಂಬರ್‌ನಲ್ಲಿ ಇರಲಿಲ್ಲ.

ಮುತ್ಯಾ ಜೀವನಪೂರ್ತಿ ಮಗ್ಗದಲ್ಲಿ ಕೂತವರು. ನಾನು ರಿಪೋರ್ಟ್ ಓದಿ ಹೇಳಿದಾಗ, "ಬರೇ ಸೀರಿ ನೋಡಿದ್ರ ಆತೇನ ಯವ್ವಾ? ಎಳಿ ಹಿಡದ ನೋಡಬೇಕಲ್ಲ" ಅಂದರು. ಆ ಮಾತು ತಲೆಯಲ್ಲಿ ಉಳಿದು, ಈ ವಿಷಯ ಓದೋಕೆ ಶುರು ಮಾಡಿದೆ.

ಹೃದಯದ ಎಳೆ ಅಂದ್ರೆ ಒಂದು ಸ್ನಾಯುಕೋಶ. ಉದ್ದ ಸುಮಾರು 100 ಮೈಕ್ರಾನ್, ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅದರ ಎರಡೂ ತುದಿಗೆ ತೆಳು ಕಾರ್ಬನ್ ಫೈಬರ್ ಅಂಟಿಸ್ತಾರೆ. ಕೋಶ ಕುಗ್ಗಿದರೆ ಫೈಬರ್ ಬಾಗುತ್ತೆ. ಎಷ್ಟು ಬಾಗಿತು ಅನ್ನೋದನ್ನ ಫೈಬರ್‌ನ ಸ್ಟಿಫ್‌ನೆಸ್‌ನಿಂದ ಗುಣಿಸಿದರೆ ಬಲ ಸಿಗುತ್ತೆ. ನಮ್ಮ ಕ್ಯಾಂಟಿಲಿವರ್ ಬೀಮ್ ಲೆಕ್ಕ ಇದೇ ತಾನೇ? ಬಲ ಮಾತ್ರ ಕೆಲವೇ ಮೈಕ್ರೋನ್ಯೂಟನ್. ಒಂದು ಜೋಳದ ಕಾಳಿನ ತೂಕವೇ ಸುಮಾರು 300 ಮೈಕ್ರೋನ್ಯೂಟನ್ ಆಗುತ್ತೆ! ಕೋಶ ಸರಿಯಾಗಿ ಎಳೀತಿಲ್ವಾ, ಇಲ್ಲಾ ಎಳೆದ ಮೇಲೆ ಸಡಿಲ ಆಗೋಕೆ ತಡ ಮಾಡ್ತಿದೆಯಾ ಅಂತ ಹೀಗೆ ಬೇರೆ ಬೇರೆಯಾಗಿ ತಿಳಿಯುತ್ತೆ.

ಇದು ಎಲ್ಲೋ ದೂರದ ವಿಷಯ ಅಲ್ಲ. ಹೃದಯಸ್ನಾಯುವಿನ ಒಂದು ಪ್ರೋಟೀನಿನ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರೋದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಗೆ ಇದೆ, ಹೃದಯ ಸೋಲುವ ಅಪಾಯಕ್ಕೂ ಅದಕ್ಕೂ ಸಂಬಂಧ ಇದೆ ಅಂತ 2009ರಲ್ಲಿ ‘ನೇಚರ್ ಜೆನೆಟಿಕ್ಸ್’ನಲ್ಲಿ ಬಂತು. ಅದು ಇದ್ದವರೆಲ್ಲ ರೋಗಿಗಳಲ್ಲ. ಆ ಲೇಖನದ ಮೊದಲ ಲೇಖಕ ಧಂಡಪಾಣಿ ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಹೃದಯದ ಕಾಯಿಲೆಗಳ ಮೇಲೆ ಕೆಲಸ ಮಾಡಿದರು.

ಹಾಗಂತ ಇದು ಬೆಂಗಳೂರಿನವರಿಗೆ ಮಾತ್ರ ಬಿಟ್ಟ ಕೆಲಸವಾ? ಅಲ್ಲ ಅಂತ ನನ್ನ ಅಭಿಪ್ರಾಯ. ಜೀವಂತ ಹೃದಯಕೋಶ ಇಟ್ಟುಕೊಳ್ಳೋ ಲ್ಯಾಬ್ ನಮ್ಮಲ್ಲಿಲ್ಲ, ಒಪ್ತೀನಿ. ಆದರೆ ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಯಾಕೆ ಮಾಡಬೇಕು? ಹೃದಯಕೋಶದಲ್ಲಿ ಸುಮಾರು 2 ಮೈಕ್ರಾನ್‌ಗೊಂದು ಪಟ್ಟೆ ಇರುತ್ತೆ. ವಿಡಿಯೋದಲ್ಲಿ ಆ ಪಟ್ಟೆಗಳ ಅಂತರವನ್ನ ಫೂರಿಯರ್ ಟ್ರಾನ್ಸ್‌ಫಾರ್ಮ್‌ನಿಂದ ಅಳೀತಾರೆ. ಎಕ್ಸಾಮ್‌ಗೆ ಬಾಯಿಪಾಠ ಮಾಡಿದ್ದೀವಲ್ಲ, ಅದೇ! ಇಳಕಲ್ ಸೀರೆಯನ್ನ ಹತ್ತಿರದಿಂದ ಫೋಟೋ ತೆಗೆದು, ಸೆಂಟಿಮೀಟರ್‌ಗೆ ಎಷ್ಟು ಎಳೆ ಅಂತ ಎಣಿಸೋ ಪ್ರೋಗ್ರಾಂ ಮೊದಲು ಬರೆಯೋಣ. ಸರಿ ಬಂತಾ ಅಂತ ನೇಕಾರರೇ ಎಣಿಸಿ ಹೇಳ್ತಾರೆ. ಆಮೇಲೆ ಅದನ್ನೇ ಕೋಶದ ವಿಡಿಯೋಗೆ ಹಾಕಬಹುದು. ಊರಲ್ಲೇ ಮೆಡಿಕಲ್ ಕಾಲೇಜ್ ಇದೆ, ಹೋಗಿ ಕೇಳೋಣ.

ಇದರಿಂದ ಮುತ್ಯಾ ಹುಷಾರಾಗ್ತಾರೆ ಅಂತ ನಾನು ಹೇಳ್ತಿಲ್ಲ. ಅವರು ಮಾತ್ರೆ ತಗೊಳ್ತಿದ್ದಾರೆ, ಮಗ್ಗ ನಿಂತಿದೆ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕೋದು ಎಂಜಿನಿಯರ್ ಕೆಲಸನೂ ಹೌದು. ಮೆಕ್ಯಾನಿಕಲ್, ಇ ಅಂಡ್ ಸಿ, ಸಿಎಸ್ ಯಾವ ಬ್ರಾಂಚ್ ಆದ್ರೂ ಪರವಾಗಿಲ್ಲ. ಯಾರು ಸೇರ್ತೀರಿ ಹೇಳಿ. ಸೀರೆ ನಾನು ತರ್ತೀನಿ.